ರೈಲಿನ ಪಾಠದ ಮೇಡಂ

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಕಟ್ಟಡದ ಕೆಳಗಿರುವ ಕಿರಾಣಿ ಅಂಗಡಿಯಲ್ಲಿ. ಎರಡನೇ ಮಹಡಿಯ ರಾಯರು ಒಂದು ಕೈಯಲ್ಲಿ ಕೊತ್ತಂಬರಿ ಕಟ್ಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತಿದ್ದರು. “ಶೆಟ್ರೇ, ಗೊತ್ತಾಯ್ತಾ? ಹಿಟ್ಲರ್ ಮೇಡಂ ಹೋಗ್ಬಿಟ್ರಂತೆ, ಮೈಸೂರಲ್ಲಿ. ಪಾಪ, ಎಂಥಾ ಒಳ್ಳೇ ಹೆಂಗಸು,” ಎಂದರು. ಹಿಟ್ಲರ್ ಎಂದ ಬಾಯಲ್ಲೇ, ಅದೇ ಉಸಿರಿನಲ್ಲೇ, ಒಳ್ಳೇ ಹೆಂಗಸು. ನಾನು ಕೈಯಲ್ಲಿದ್ದ ಮೊಸರಿನ ಡಬ್ಬಿಯನ್ನು ಮತ್ತೆ ಫ್ರಿಜ್ಜಿನೊಳಗಿಟ್ಟು ಏನೂ ಕೊಳ್ಳದೆ ಮೇಲೆ ಬಂದೆ. ಹೆಂಡತಿ ಮೊಸರೆಲ್ಲಿ ಎಂದಳು. ಅವಳ ಮೇಲೆ ರೇಗಿದೆ.

ರಾಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ಪಾಪದವರು, ಆ ಹೆಸರನ್ನು ಪ್ರೀತಿಯಿಂದಲೇ ಹೇಳಿದರು. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು. ಅದೇ ತಲೆಕೆಡಿಸುವ ಸಂಗತಿ. ದ್ವೇಷದಿಂದ ಕೊಟ್ಟ ಹೆಸರಾಗಿದ್ದರೆ ಜಗಳ ಆಡಿ ಬಿಡಿಸಿಕೊಳ್ಳಬಹುದಿತ್ತು. ಪ್ರೀತಿಯಿಂದ ಅಂಟಿಸಿದ್ದನ್ನು ಕೀಳುವುದು ಹೇಗೆ?

ಮೇಡಂ ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಬಗ್ಗೆ ಯಾರಾದರೂ ಬರೆಯುವುದು, ಫೋಟೋ ತೆಗೆಯುವುದು ಎರಡೂ ಅವರಿಗೆ ಆಗದು. ಇನ್ನೊಂದು ಹೆಸರನ್ನು ಮಾತ್ರ ಬರೆಯದೆ ಉಪಾಯವಿಲ್ಲ. ದೋಹಾದಲ್ಲಿ ಅವರ ಕೊನೆಯ ವರ್ಷಗಳ ಸಂಕಟವೆಲ್ಲ ಅದರದ್ದೇ. ಈ ಊರು ಬಿಡುವ ಮೊದಲು ಅದನ್ನು ಕಳಚಿಡಬೇಕು ಎನ್ನುವುದೊಂದೇ ಅವರಿಗಿದ್ದ ಆಸೆ.

ಇಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಒಂಬತ್ತು, ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಹೇಳುತ್ತಿದ್ದರು. ನಮ್ಮ ಮೇಲಿನ ಮಹಡಿಯಲ್ಲಿ ಗಂಡ ಹೆಂಡತಿ ಇಬ್ಬರೇ. ಯಜಮಾನರು ಮಾತೇ ಆಡದವರು. ಇವರು ಗಿಡ್ಡ ಆಳು. ಹೊರಗೆ ಕಬ್ಬಿಣ ಕರಗುವ ಬಿಸಿಲಿದ್ದರೂ ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆಯಲ್ಲೇ ಶಾಲೆಯ ಬಸ್ಸು ಹತ್ತುತ್ತಿದ್ದರು. ಏನಾದರೂ ಗಟ್ಟಿ ಮಾತು ಹೇಳುವ ಮೊದಲು ಕನ್ನಡಕ ತೆಗೆಯುತ್ತಿದ್ದರು. ಒರೆಸಲು ಅಲ್ಲ, ಸುಮ್ಮನೆ ತೆಗೆದು ಮತ್ತೆ ಹಾಕಿಕೊಳ್ಳುತ್ತಿದ್ದರು. ಅವರ ಕೈ ಕನ್ನಡಕದ ಕಡೆ ಹೋಯಿತೆಂದರೆ ಕಟ್ಟಡದ ಮಕ್ಕಳು ಮೆಟ್ಟಿಲು ಹುಡುಕುತ್ತಿದ್ದವು.

ಕಟ್ಟುನಿಟ್ಟಿನವರು ಹೌದು, ಅದರಲ್ಲಿ ಸುಳ್ಳಿಲ್ಲ. ಲಿಫ್ಟಿನ ಬಾಗಿಲಿಗೆ ಚಪ್ಪಲಿ ಅಡ್ಡ ಇಟ್ಟು ಹರಟುವವರನ್ನು ಅವರು ಬಿಟ್ಟಿದ್ದು ಕಾಣೆ. ಕನ್ನಡ ಸಂಘದ ಕಾರ್ಯಕ್ರಮಗಳಿಗೆಲ್ಲ ನಾನೇ ನಿರೂಪಕ. ಹಾಗಾಗಿ ನನ್ನ ಗಂಟಲು ಸ್ವಲ್ಪ ದೊಡ್ಡದು. ಒಮ್ಮೆ ಮೆಟ್ಟಿಲಲ್ಲಿ ಎದುರಾಗಿ, “ಮೈಕ್ ಇಲ್ಲದಾಗಲೂ ಮೈಕಲ್ಲೇ ಮಾತಾಡ್ತೀರಲ್ಲ ಶೆಟ್ರೇ, ನಿಮ್ಮ ಮನೆಯವರು ಹೇಗೆ ತಡ್ಕೋತಾರೆ?” ಎಂದರು. ನಾನು, “ಅವಳಿಗೆ ಕೇಳುವುದೇ ಇಲ್ಲ ಮೇಡಂ, ಅಭ್ಯಾಸ ಆಗಿದೆ,” ಎಂದೆ. ನಗಲಿಲ್ಲ. ಸಂಜೆ ಮಾತ್ರ ಒಂದು ಡಬ್ಬಿ ಹುಳಿಯವಲಕ್ಕಿ ಕೆಳಗೆ ಬಂತು. ಅವರ ನಗು ಹೀಗೆ ಡಬ್ಬಿಯಲ್ಲೇ ಬರುತ್ತಿತ್ತು.

ನಮ್ಮ ಮಂದಿಗೆ ಒಂದು ಅಭ್ಯಾಸವಿದೆ. ಯಾರಾದರೂ ಹೊತ್ತಿಗೆ ಸರಿಯಾಗಿ ಬಂದರೆ, ಕೆಲಸ ಸರಿಯಾಗಿ ಮಾಡಿ ಎಂದರೆ, ಮಕ್ಕಳ ಕೈಯಿಂದ ಫೋನು ಕಿತ್ತುಕೊಂಡರೆ, ಅವರು ಹಿಟ್ಲರ್. ನಮ್ಮಪ್ಪ ಹಿಟ್ಲರ್, ನಮ್ಮ ಬಾಸು ಹಿಟ್ಲರ್, ನಮ್ಮತ್ತೆ ಲೇಡಿ ಹಿಟ್ಲರ್. ಶಿಸ್ತಿಗೆ ನಮ್ಮಲ್ಲಿ ಬೇರೆ ಹೆಸರೇ ಇಲ್ಲವೇನೋ ಎನ್ನುವ ಹಾಗೆ. ಮೇಡಂಗೆ ಅದನ್ನು ಯಾವ ವರ್ಷದ ಮಕ್ಕಳು ಕಟ್ಟಿದರೋ ಯಾರಿಗೂ ಗೊತ್ತಿಲ್ಲ. ಅವರಿಗೆ ಗೊತ್ತಾಗಿದ್ದು ಲಿಫ್ಟಿನಲ್ಲಿ. ಹೊಸದಾಗಿ ಬಂದಿದ್ದ ಒಬ್ಬ ತಾಯಿ ಮುಖ ಅರಳಿಸಿಕೊಂಡು, “ಮೇಡಂ, ನಮ್ಮ ಹುಡುಗಂಗೆ ನಿಮ್ಮ ಕಂಡ್ರೆ ಪ್ರಾಣ. ಮನೇಲಿ ದಿನಾ ಹಿಟ್ಲರ್ ಮಿಸ್ಸು ಹಿಟ್ಲರ್ ಮಿಸ್ಸು ಅಂತಿರ್ತಾನೆ,” ಎಂದಳು. ನಾನೂ ಅದೇ ಲಿಫ್ಟಿನಲ್ಲಿದ್ದೆ. ಮೇಡಂ ತಮ್ಮದಲ್ಲದ ಮಹಡಿಯಲ್ಲಿ ಇಳಿದುಬಿಟ್ಟರು. ಆ ತಾಯಿ ನನ್ನ ಕಡೆ ತಿರುಗಿ, “ಎಷ್ಟು ಸಿಂಪಲ್ ಅಲ್ವಾ ಸಾರ್?” ಎಂದಳು.

ಇದು ಅವರಿಗೆ ಯಾಕೆ ಅಷ್ಟು ನೋಯಿತು ಎಂದು ತಿಳಿಯಬೇಕಾದರೆ ಅವರ ರೈಲಿನ ಪಾಠ ತಿಳಿಯಬೇಕು. ನನಗೆ ತಿಳಿದದ್ದು ನನ್ನ ಮಗಳಿಂದ. ಅವಳು ಅವರ ಕೈಯಲ್ಲಿ ಕಲಿತವಳು.

ಒಂಬತ್ತನೇ ತರಗತಿಯ ಚರಿತ್ರೆಯಲ್ಲಿ ಹಿಟ್ಲರನ ಕಾಲದ ಜರ್ಮನಿಯ ಪಾಠ ಬರುತ್ತದೆ. ಪರೀಕ್ಷೆಗೆ ಬೇಕಾದ್ದು ಅವನು ಮೇಲೆ ಬಂದ ಕಾರಣಗಳು, ಅದೂ ಪಾಯಿಂಟು ಪಾಯಿಂಟಾಗಿ. ಮೇಡಂ ಅದನ್ನು ಚುರುಕಾಗಿ ಮುಗಿಸಿ, ಮರುದಿನ ಮೇಜಿನ ಮೇಲೆ ಒಂದು ಹಳೆಯ ಸೂಟ್‌ಕೇಸ್ ತಂದಿಡುತ್ತಿದ್ದರು. ತರಗತಿಯಲ್ಲಿ ಎಲ್ಲ ಇಂಗ್ಲಿಷಿನಲ್ಲೇ ನಡೆಯುವುದು. ಮಗಳು ಮನೆಯಲ್ಲಿ ಹೇಳಿದಂತೆ ನಾನು ನಮ್ಮ ಮಾತಿಗೆ ತಂದಿದ್ದೇನೆ.

“ನಿಮ್ಮ ಮನೆಗೆ ಆದೇಶ ಬಂದಿದೆ. ನೀವು ಯಹೂದಿಗಳು, ಅಥವಾ ಜಿಪ್ಸಿ ಅಂತ ಕರೆಸ್ಕೊಳ್ಳೋ ರೋಮಾ ಜನ. ಬೇರೆ ತಪ್ಪೇನೂ ಮಾಡಿಲ್ಲ. ಒಂದೇ ಸೂಟ್‌ಕೇಸ್, ಇಷ್ಟೇ ತೂಕ. ಬೆಚ್ಚನೆಯ ಬಟ್ಟೆ ಇಟ್ಕೊಳ್ಳಿ ಅಂತಾರೆ. ಪೂರ್ವಕ್ಕೆ, ಕೆಲಸಕ್ಕೆ ಕರ್ಕೊಂಡು ಹೋಗ್ತಾರಂತೆ. ಮನೆ ಬೀಗದಕೈ ಕೊಟ್ಟು ಹೋಗಬೇಕು. ಏನೇನು ಇಡ್ತೀರಿ?”

ಗಲ್ಫಿನ ಮಕ್ಕಳಿಗೆ ಲಗೇಜಿನ ಕಥೆ ಹೇಳಿಕೊಡಬೇಕೇ? ಪ್ರತಿ ಬೇಸಿಗೆ ರಜೆಯಲ್ಲಿ ಬಾತ್‌ರೂಮಿನ ತೂಕದ ಯಂತ್ರ ಹಾಲಿಗೆ ಬರುವ ಮನೆಗಳು ನಮ್ಮವು. ಮಕ್ಕಳು ಹುರುಪಿನಿಂದ ಕೈ ಎತ್ತುತ್ತಿದ್ದವು. ಚಾರ್ಜರ್, ಫುಟ್ಬಾಲ್ ಶೂ, ಅಜ್ಜಿಯ ಫೋಟೋ. ಮೇಡಂ ಒಂದೊಂದನ್ನೂ ಸೂಟ್‌ಕೇಸಿನಲ್ಲಿ ಇಟ್ಟ ಹಾಗೆ ಮಾಡಿ, ಮುಚ್ಚಿ, ಕೆಳಗಿಡುತ್ತಿದ್ದರು. “ಕಾವಲಿನವರಿಗೆ ಹೋಗಿ ಬರೋ ಟಿಕೆಟ್. ನಿಮಗೆ ಹೋಗೋದು ಮಾತ್ರ,” ಎನ್ನುತ್ತಿದ್ದರು. ರಿಟರ್ನ್ ಟಿಕೆಟ್ ಇಲ್ಲದೆ ಹುಟ್ಟೂರಿಗೂ ಹೋಗದ ಮಕ್ಕಳು ಅಲ್ಲಿಗೆ ಸುಮ್ಮನಾಗುತ್ತಿದ್ದವು. ಆ ರೈಲುಗಳು ಹೋಗಿ ನಿಂತಲ್ಲಿ ಕೆಲಸವೂ ಇರಲಿಲ್ಲ, ಮನೆಯೂ ಇರಲಿಲ್ಲ, ಬಹುಪಾಲು ಜನರನ್ನು ಕೊಂದೇಬಿಟ್ಟರು ಎನ್ನುವುದನ್ನು ದನಿ ಏರಿಸದೆ ಹೇಳುತ್ತಿದ್ದರು.

ನಿಜವಾದ ಪಾಠ ಅದಾದ ಮೇಲೆ. “ಈಗ ನೀವು ಆ ಮನೆಯವರಲ್ಲ. ಊರಲ್ಲಿ ಉಳಿದವರು.” ಒಬ್ಬೊಬ್ಬರಿಗೂ ಒಂದೊಂದು ಪಾಲು ಹಂಚುತ್ತಿದ್ದರು. ಹೆಸರುಗಳನ್ನು ಟೈಪು ಮಾಡುವ ಗುಮಾಸ್ತ, ಹಾಲಿನ ರೈಲಿಗೂ ರಜೆಯ ರೈಲಿಗೂ ನಡುವೆ ಈ ರೈಲಿಗೆ ಹೊತ್ತು ಹೊಂದಿಸುವ ಸ್ಟೇಷನ್ ಮಾಸ್ತರ, ಡಬ್ಬಿಗಳನ್ನು ಜೋಡಿಸುವವನು, ಗೇಟು ಹಾಕುವವನು, ಕಾವಲಿನವರಿಗೆ ಚಹಾ ಕಾಯಿಸುವವಳು, ಪಕ್ಕದ ಮನೆಯವಳು. ಎದ್ದು ನಿಂತು ಉತ್ತರ ಕೊಡಬೇಕು.

“ಆವತ್ತು ಬೆಳಿಗ್ಗೆ ನೀನು ಏನು ಮಾಡಿದೆ?”

“ಟೈಪ್ ಮಾಡಿದೆ ಮಿಸ್.”

“ಸರಿ, ಕೂತ್ಕೋ. ನೀನು?”

“ಟೈಂ ಹಾಕಿಕೊಟ್ಟೆ ಮಿಸ್. ನಾನು ಯಾರನ್ನೂ ಮುಟ್ಟಲಿಲ್ಲ.”

“ಮುಟ್ಟಿದೆ ಅಂತ ನಾನು ಹೇಳಿದ್ನಾ? ಕೂತ್ಕೋ.”

ಹೀಗೆ ಇಡೀ ತರಗತಿ ಕೂತಾದ ಮೇಲೆ ಮೇಡಂ ಕನ್ನಡಕ ತೆಗೆದು, ಹಾಕಿಕೊಂಡು, “ಎಲ್ಲರೂ ಕೂತ್ಕೊಂಡ್ರಿ. ರೈಲು ಹೋಯ್ತು,” ಎನ್ನುತ್ತಿದ್ದರು. ಪ್ರತಿ ವರ್ಷವೂ ಯಾವುದಾದರೂ ಮಗು ಕೇಳುತ್ತಿತ್ತಂತೆ: “ಮಿಸ್, ಹಿಟ್ಲರ್ ಯಾರು? ಯಾರಿಗೂ ಕೊಡಲೇ ಇಲ್ಲ?” ಅದಕ್ಕೆ ಅವರದ್ದು ಒಂದೇ ಉತ್ತರ. “ನನ್ನ ಕ್ಲಾಸಲ್ಲಿ ಆ ಪಾತ್ರ ಇಲ್ಲ. ಅವನು ಯಾರ ಮನೆ ಬಾಗಿಲನ್ನೂ ತಟ್ಟಲಿಲ್ಲ. ಅಗತ್ಯಾನೇ ಬೀಳಲಿಲ್ಲ.”

ಆ ದಿನ ಮಗಳು ಊಟಕ್ಕೆ ಕೂತವಳು ಅನ್ನ ಕಲಸುತ್ತಲೇ ಇದ್ದಳು. “ಪಪ್ಪಾ, ನಾನು ಪಕ್ಕದ ಮನೆಯವಳು. ಅವರು ಹೋದ್ಮೇಲೆ ಅವರ ಹೂಕುಂಡ ಎಲ್ಲ ನಮ್ಮ ಬಾಲ್ಕನಿಗೆ ತಂದಿಟ್ಕೊಂಡೆ ಅಂದೆ. ಇಲ್ಲಾಂದ್ರೆ ಒಣಗಿ ಹೋಗ್ತಿತ್ತು ಅಲ್ವಾ? ಮಿಸ್ ಏನೂ ಬೈಲಿಲ್ಲ, ಕೂತ್ಕೋ ಅಂದ್ರು.”

ರೋಮಾ ಜನರ ವಿಷಯದಲ್ಲಿ ಅವರಿಗೆ ವಿಶೇಷ ಹಠ. ಪುಸ್ತಕಗಳಲ್ಲಿ ಅವರಿಗೆ ಸಿಗುವುದು ಕಷ್ಟಪಟ್ಟು ಒಂದು ಸಾಲು, ಅದೂ “ಇತರರು” ಎಂಬ ಗುಂಪಿನಲ್ಲಿ. ಮಕ್ಕಳು ಅಲ್ಲಿ ಆಕಳಿಸುತ್ತಿದ್ದವು. ಆಗ ಮೇಡಂ, ಆ ಜನ ಎಷ್ಟೋ ತಲೆಮಾರುಗಳ ಹಿಂದೆ ನಮ್ಮ ಕಡೆಯಿಂದಲೇ ಹೊರಟವರು, ನೀರಿಗೆ ಈಗಲೂ ಪಾನಿ ಅಂತಾರೆ, ಬೀಗ ಹಾಕಿದ ಡಬ್ಬಿಯೊಳಗಿಂದ ಒಂದು ಮಗು ಪಾನಿ ಅಂತ ಕೂಗಿದ್ದರೆ ಆ ಸ್ಟೇಷನ್ನಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ನಿಮಗೆ ತಿಳಿಯುತ್ತಿತ್ತು ಎನ್ನುತ್ತಿದ್ದರು. ತಕ್ಷಣ ಇಡೀ ತರಗತಿ ಎದ್ದು ಕೂರುತ್ತಿತ್ತು. ಅದೂ ಅವರಿಗೆ ಸಮಾಧಾನವಲ್ಲ. ಸಂಜೆ ನಮ್ಮ ಮನೆಗೆ ಬಂದು ಕಾಫಿಯ ಲೋಟ ಕುಕ್ಕಿ, “ನಮ್ಮವರು ಅಂತ ಗೊತ್ತಾದ್ರೆ ಮಾತ್ರ ಕಣ್ಣಲ್ಲಿ ನೀರಾ ಶೆಟ್ರೇ? ಅವರು ನಮ್ಮವರಲ್ಲದೇ ಇದ್ದಿದ್ರೆ ಆಕಳಿಸಿಕೊಂಡೇ ಇರ್ತಿದ್ವಾ? ನಾನು ಹೇಳಿಕೊಟ್ಟಿದ್ದೇ ತಪ್ಪಾಯ್ತೇನೋ,” ಎಂದರು.

“ಹೇಳದಿದ್ರೆ ಅಷ್ಟೂ ಇರ್ತಿರಲಿಲ್ಲ ಮೇಡಂ.”

“ಅದೇ ಕಣ್ರೀ ಕರ್ಮ.”

ಶಾಲೆಯಲ್ಲಿ ಈ ಪಾಠಕ್ಕೆ ಅಡ್ಡಿ ತಪ್ಪಿದ್ದಿಲ್ಲ. ಪೋರ್ಷನ್ ಮುಗಿಯುವುದಿಲ್ಲ ಎಂದು ಮೇಲಿನವರ ಕಿರಿಕಿರಿ. ಪೋಷಕರೊಬ್ಬರು, “ಈಗ ಟಿವಿಯಲ್ಲಿ ಯುದ್ಧದ್ದು ಏನೇನು ತೋರಿಸ್ತಿದಾರೆ ನೋಡ್ತಿದೀರಲ್ಲ ಮೇಡಂ, ಇಂಥಾ ಹೊತ್ತಲ್ಲಿ, ಈ ಊರಲ್ಲಿ, ಆ ಯಹೂದಿಗಳ ಕಥೆ ಯಾಕೆ?” ಎಂದು ಕೇಳಿದರಂತೆ. ಮೇಡಂ ಹೇಳಿದ್ದನ್ನು ಯಜಮಾನರೇ ನನಗೆ ಹೇಳಿದರು. ಅವರು ಬಾಯಿಬಿಟ್ಟ ಅಪರೂಪದ ಸಂದರ್ಭ ಅದು. “ಟಿವಿಲಿ ಕಾಣೋ ಮಕ್ಕಳಿಗೂ ನಾನು ಅಳ್ತೀನಿ ಸಾರ್, ದಿನಾ ಅಳ್ತೀನಿ. ಇವರಿಗೆ ಅತ್ತರೆ ಅವರಿಗೆ ಕಣ್ಣೀರು ಕಡಿಮೆ ಬೀಳುತ್ತಾ?”

ಎಲ್ಲಿಂದ ಹತ್ತಿತು ಈ ಹುಚ್ಚು ಎಂದು ಒಮ್ಮೆ ನಾನೇ ಕೇಳಿದ್ದೆ. ಗಂಡನ ಜೊತೆ ಯುರೋಪು ಪ್ರವಾಸ ಹೋಗಿದ್ದರಂತೆ, ನಮ್ಮವರದ್ದೇ ಬಸ್ಸು, ನಮ್ಮವರದ್ದೇ ಅಡುಗೆಯವರು. ಜರ್ಮನಿಯಲ್ಲಿ ಬಸ್ಸು ಕೆಟ್ಟು ನಿಂತ ಕಡೆ ಒಂದು ಸ್ಟೇಷನ್. ಬೇರೆಯವರು ಐಸ್ ಕ್ರೀಮ್ ಹುಡುಕಿ ಹೋದರು. ಇವರು ಪ್ಲಾಟ್‌ಫಾರ್ಮಿಗೆ ಹೋದರು. ಇಲ್ಲಿಂದ ಯಹೂದಿಗಳನ್ನು ಸಾಗಿಸಿದರು ಎಂದು ಒಂದು ಫಲಕ ಇತ್ತಂತೆ. “ನೋಡೋಕೆ ಏನೂ ಇರಲಿಲ್ಲ ಶೆಟ್ರೇ. ಒಂದು ಬೆಂಚು, ಒಂದು ಗಡಿಯಾರ. ನಮ್ಮ ಮೈಸೂರು ಸ್ಟೇಷನ್ನೇ. ಅದೇ ನನಗೆ ತಡೆಯೋಕಾಗಲಿಲ್ಲ,” ಎಂದರು.

ಇಂಥವರ ಮುಂದೆ ನಮ್ಮ ಶುಕ್ರವಾರದ ಹರಟೆ ನಡೆಯಬೇಕೇ? ಬಿನ್ ಮಹಮೂದಿನ ಹೋಟೆಲಿನಲ್ಲಿ ನಾವು ಕೆಲವರು ದೋಸೆ ತಿಂದು ಊರನ್ನು ಬೈಯುವ ಬೆಳಗು ಅದು. ಟ್ರಾಫಿಕ್ಕು, ಕಸ, ಲಂಚ ಎಲ್ಲ ಆಗಿ ರಾಯರು ಎಂದಿನಂತೆ, “ನಮ್ಮ ದೇಶಕ್ಕೆ ಒಬ್ಬ ಹಿಟ್ಲರ್ ಬರಬೇಕು ಸಾರ್, ಆಗ ಖಲಾಸ್, ಎಲ್ಲಾ ಸರಿಹೋಗುತ್ತೆ,” ಎಂದರು. ಹಿಂದಿನ ಮೇಜಿನಲ್ಲಿ ಮೇಡಂ ಕೂತಿದ್ದನ್ನು ಯಾರೂ ನೋಡಿರಲಿಲ್ಲ. ಎದ್ದು ಬಂದು ನಮ್ಮ ಮೇಜಿಗೆ ಕೈಯೂರಿ ನಿಂತರು.

“ಮೊದಲು ಯಾರನ್ನ ಕಳಿಸ್ತೀರಿ ರಾಯರೇ?”

“ಎಲ್ಲಿಗೆ ಮೇಡಂ?”

“ರೈಲಿಗೆ. ಹಿಟ್ಲರ್ ಬಂದ ಅಂತಿಟ್ಕೊಳ್ಳಿ. ಮೊದಲ ರೈಲಿಗೆ ಯಾರು? ಹೇಳಿ, ನಿಮ್ಮ ಬೀದಿಯಿಂದಲೇ ಶುರು ಮಾಡಿ.”

ರಾಯರು ನನ್ನ ಮುಖ ನೋಡಿದರು. ಆಮೇಲೆ ನಕ್ಕುಬಿಟ್ಟರು. “ಮೇಡಂ ಇವತ್ತು ಫುಲ್ ಫಾರ್ಮಲ್ಲಿದಾರಪ್ಪ! ನೋಡಿ, ಅದಕ್ಕೇ ಆ ಹೆಸರು!” ಮೇಜೆಲ್ಲ ನಕ್ಕಿತು. ಅಲ್ಲಿ ನನಗೆ ಮೊದಲ ಸಲ ಹೊಳೆಯಿತು, ಈ ಹೆಂಗಸು ಎಂಥ ಬಲೆಯಲ್ಲಿ ಸಿಕ್ಕಿಕೊಂಡಿದ್ದಾರೆ ಎಂದು. ಆ ಹೆಸರನ್ನು ವಿರೋಧಿಸಿ ಸಿಟ್ಟು ಮಾಡಿದಷ್ಟೂ ಆ ಹೆಸರೇ ಗಟ್ಟಿಯಾಗುತ್ತಿತ್ತು.

ಶಾಲೆಯಿಂದ ನಿವೃತ್ತರಾಗಿ ಇಬ್ಬರೂ ಮೈಸೂರಿಗೆ ಹೊರಡುವುದೆಂದು ಆದಾಗ ಕನ್ನಡ ಸಂಘ ಸನ್ಮಾನ ಇಟ್ಟುಕೊಂಡಿತು. ಮೇಡಂ ನನ್ನನ್ನು ಮೇಲೆ ಕರೆಸಿದರು. ಮನೆಯ ತುಂಬ ರಟ್ಟಿನ ಪೆಟ್ಟಿಗೆ. ಕೂರಲು ಹೇಳಲಿಲ್ಲ, ಕೂರುವ ಜಾಗವೂ ಇರಲಿಲ್ಲ.

“ಶೆಟ್ರೇ, ಶಾಲು ಹಾರ ನನಗೆ ಬೇಡ ಅಂದ್ರೆ ಸೊಕ್ಕು ಅಂತಾರೆ, ಹಾಕಲಿ. ಒಂದೇ ಒಂದು ಕೇಳ್ತೀನಿ. ಆವತ್ತು ಸ್ಟೇಜ್ ಮೇಲೆ ಯಾರ ಬಾಯಲ್ಲೂ ಆ ಹೆಸರು ಬರಬಾರದು. ನನಗೆ ಸ್ವಲ್ಪ ಹೊತ್ತು ಮೈಕ್ ಕೊಡಿಸಿ. ಮಕ್ಕಳಿಗೆ ಹೇಳಿದ್ದನ್ನ ದೊಡ್ಡವರಿಗೂ ಒಂದು ಸಲ ಹೇಳಿ ಹೋಗ್ತೀನಿ.”

“ಅದೆಂತ ದೊಡ್ಡ ವಿಷಯ ಮೇಡಂ, ನಾನಿಲ್ವಾ,” ಎಂದೆ.

ಸಂಘದ ಅಧ್ಯಕ್ಷರ ಆಫೀಸು ಮುಶೈರಿಬ್‌ನಲ್ಲಿ. ಬೆಂಗಳೂರಿನವರು, ಮೃದು ಮಾತು, ಯಾರಿಗೂ ಇಲ್ಲ ಎನ್ನದ ಮನುಷ್ಯ. ಅಲ್ಲಿ ಹೋಗಿ ಕೇಳಿದಾಗ ನನಗೆ ತಿಳಿದದ್ದು, ಮೇಡಂ ಅವರ ಹಳೆಯ ವಿದ್ಯಾರ್ಥಿಗಳು ಆಗಲೇ ಒಂದು ಪ್ರಹಸನ ಕಟ್ಟಿದ್ದಾರೆ, ಅದರ ಹೆಸರಲ್ಲೇ ಹಿಟ್ಲರ್ ಇದ್ದಾನೆ. ಅವರದ್ದೇ ಕೈಯಲ್ಲಿ ಕಲಿತು ಈಗ ಇಲ್ಲೇ ಎಂಜಿನಿಯರ್ ಆಗಿರುವ ಒಬ್ಬನದ್ದು ಮೇಡಂ ಪಾತ್ರ. ಸೀರೆ, ಕನ್ನಡಕ, ಮೂಗಿನ ಕೆಳಗೆ ಆ ಚೋಟು ಮೀಸೆ.

“ಅಯ್ಯೋ ಶೆಟ್ರೇ, ಪ್ರೀತಿಯಿಂದ ಮಾಡ್ತಿದಾರೆ, ಹುಡುಗ್ರು ಆಫೀಸ್ ಮುಗಿಸ್ಕೊಂಡು ಬಂದು ಪ್ರಾಕ್ಟೀಸ್ ಮಾಡಿದಾರೆ. ಈಗ ಬೇಡ ಅಂದ್ರೆ ಬೇಜಾರಾಗಲ್ವಾ?”

“ಮೇಡಂಗೆ ಬೇಜಾರಾಗ್ತದೆ ಮಾರಾಯ್ರೇ. ಸನ್ಮಾನ ಯಾರಿಗೆ?”

“ಸರಿ ಸರಿ, ಹೇಳ್ತೀನಿ ಬಿಡಿ, ಖಲಾಸ್.”

ಹೇಳಿದರು ಕೂಡ. ಹೇಳಿದ್ದಕ್ಕೆ ಹುಡುಗರು ಒಂದು ರಾಜಿ ಮಾಡಿಕೊಂಡರು. ಹೆಸರು ತೆಗೆದರು, ಕೈ ಎತ್ತಿ ಸೆಲ್ಯೂಟ್ ಹೊಡೆಯುವುದನ್ನು ತೆಗೆದರು, ಮೀಸೆ ಇಟ್ಟುಕೊಂಡರು. ಮೀಸೆ ಇಲ್ಲದಿದ್ದರೆ ಜನಕ್ಕೆ ಜೋಕು ಗೊತ್ತಾಗುವುದಿಲ್ಲವಂತೆ. ನಾನು ಒಬ್ಬೊಬ್ಬರಿಗೂ ಫೋನು ಮಾಡಿದೆ. ಬರೆದವನು ಮೀಸೆ ನಾನು ಬರೆದದ್ದಲ್ಲ ಎಂದ, ಆಡಿಸುವವನು ಮೇಕಪ್ಪಿನವರನ್ನು ಕೇಳಿ ಎಂದ, ಮೇಕಪ್ಪಿನವಳು ನಂಗೆ ಹೇಳಿದ್ದನ್ನ ಬಳೀತೀನಿ ಅಂಕಲ್ ಎಂದಳು. ಸೋತು ಮೇಡಂ ಮನೆಗೆ ಹೋಗಿ ವರದಿ ಒಪ್ಪಿಸಿದೆ. “ನಿಮ್ಮ ರೈಲಿನ ಪಾಠವೇ ಆಯ್ತಲ್ಲ ಮೇಡಂ, ಯಾರೂ ಏನೂ ಮಾಡಿಲ್ಲ,” ಎಂದೆ, ಜಾಣತನ ತೋರಿಸಲು.

ಅವರ ಕೈ ಕನ್ನಡಕಕ್ಕೆ ಹೋಯಿತು. “ಹಾಗೆ ಹೋಲಿಸಬೇಡಿ. ಅಲ್ಲಿ ಮಕ್ಕಳು ಮರಿ ಸಮೇತ ಜನ ಸತ್ತರು. ಇಲ್ಲಿ ನನಗೆ ಒಂದು ಅಡ್ಡಹೆಸರು. ಏನಕ್ಕೂ ಏನಕ್ಕೂ ಹೋಲಿಸ್ತಾ ಹೋಗಿಯೇ ನಾವು ಇಲ್ಲಿಗೆ ಬಂದು ನಿಂತಿರೋದು.” ಆ ಮಾತು ನನಗೆ ಈಗಲೂ ತಾಗುತ್ತದೆ.

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿತ್ತು. ಅಲ್ ಹಿಲಾಲ್ ಕಡೆಯ ಸಂಸಾರಗಳೆಲ್ಲ ಬಂದಿದ್ದವು. ಹಿಂದುಗಡೆಯಿಂದ ಬಿಸಿಬೇಳೆಬಾತಿನ ವಾಸನೆ. ಪ್ರಹಸನ ಚೆನ್ನಾಗಿಯೇ ಇತ್ತು, ಅದನ್ನೂ ಹೇಳಿಬಿಡಬೇಕು. ಆ ಹುಡುಗ ಮೇಡಂ ನಡೆಯುವುದನ್ನು, ಕನ್ನಡಕ ತೆಗೆದು ಹಾಕುವುದನ್ನು ಥೇಟ್ ಇಳಿಸಿದ್ದ. ಅಷ್ಟು ಗಮನಿಸಿ ನೋಡಬೇಕಾದರೆ ನಿಜವಾಗಿ ಪ್ರೀತಿ ಇರಬೇಕು. ಆದರೆ ಅವನು ಪರದೆಯಿಂದ ಹೊರಬಂದು ಮೀಸೆ ಕಂಡ ಕೂಡಲೇ ಸಭಾಂಗಣದಲ್ಲಿ ಎದ್ದ ಗದ್ದಲ ಹೇಗಿತ್ತೆಂದರೆ, ಮುಂದಿನ ಸಾಲಿನ ಪುಟ್ಟ ಮಕ್ಕಳು ಕೂಡ ಆ ಹೆಸರನ್ನು ಕೂಗಿದವು. ಸ್ಟೇಜಿನ ಮೇಲೆ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ.

ನಾನು ಸನ್ಮಾನಕ್ಕೆ ಕರೆದೆ. ಮೇಡಂ ಮೇಲೆ ಬಂದರು. ಅಲಂಕಾರ ಮಾಡಿದ ಕುರ್ಚಿಯಲ್ಲಿ ಕೂರಲಿಲ್ಲ. ನನ್ನ ಕೈಯಿಂದ ಮೈಕ್ ತೆಗೆದುಕೊಂಡರು.

“ಮೊದಲು ಆ ಮೀಸೆ ತೆಗೆಸಿ.”

ನಗು.

“ನಗಬೇಡಿ. ನಾನು ತಮಾಷೆ ಮಾಡ್ತಿಲ್ಲ.”

ಇನ್ನೂ ಜೋರು ನಗು, ಶಿಳ್ಳೆ. ಹಿಂದಿನಿಂದ ಯಾರೋ, “ಎಲ್ರೂ ಕೂತ್ಕೊಳ್ರೋ, ಮಿಸ್ಸು ಬಂದ್ರು!” ಎಂದು ಕೂಗಿದರು. ಮೇಡಂ ಕೈ ಕನ್ನಡಕದ ಕಡೆ ಹೋಗಿದ್ದೇ ತಡ, ಇಡೀ ಸಭೆ ಚಪ್ಪಾಳೆ ಹೊಡೆಯಿತು. ನಾನು ಇನ್ನೊಂದು ಮೈಕ್ ಹಿಡಿದು, “ದಯವಿಟ್ಟು, ದಯವಿಟ್ಟು,” ಎಂದೆ. ಅದಕ್ಕೂ ನಕ್ಕರು. ಎಲ್ಲ ಸೇರಿಸಿಯೇ ನಾಟಕ ಅಂದುಕೊಂಡಿದ್ದರು.

ಮೇಡಂ ಕೈ ಕನ್ನಡಕ ಮುಟ್ಟದೆ ಕೆಳಗಿಳಿಯಿತು. ಆಮೇಲೆ ಸೊಂಟದಿಂದ ಕರವಸ್ತ್ರ ತೆಗೆದು, ಮೇಜಿನ ಮೇಲಿದ್ದ ನೀರಿನ ಬಾಟಲಿಯಿಂದ ಒದ್ದೆ ಮಾಡಿ, ತಮ್ಮ ಹಾಗೇ ಸೀರೆ ಉಟ್ಟು ನಿಂತಿದ್ದ ಆ ಹುಡುಗನ ಹತ್ತಿರ ಹೋದರು. ಅವನು ಎತ್ತರ. ಅವನನ್ನು ಸನ್ಮಾನದ ಕುರ್ಚಿಯಲ್ಲೇ ಕೂರಿಸಿದರು. ಎಡಗೈಯಲ್ಲಿ ಅವನ ಗಲ್ಲ ಹಿಡಿದು ಮೂಗಿನ ಕೆಳಗೆ ಒರೆಸತೊಡಗಿದರು, ಊಟ ಆದ ಮಗುವಿನ ಬಾಯಿ ಒರೆಸುವ ಹಾಗೆ. ಮೈಕ್ ಕಂಕುಳಲ್ಲಿತ್ತು, ಆರಿಸಿರಲಿಲ್ಲ. ಎಲ್ಲರಿಗೂ ಕೇಳಿಸುತ್ತಿತ್ತು.

“ಮ್ಯಾಮ್, ನಾನೇ ವಾಶ್ ಮಾಡ್ಕೋತೀನಿ. ಸಾರಿ ಮ್ಯಾಮ್. ಇಟ್ ವಾ‌ಸ್ ಔಟ್ ಆಫ್ ಲವ್.”

“ಗೊತ್ತು. ಅಲ್ಲಾಡಬೇಡ. ರೈಲಿನ ಪಾಠದಲ್ಲಿ ನಿನಗೆ ಯಾವ ಪಾಲು ಬಂದಿತ್ತು?”

ಅವನು ಯೋಚಿಸಿದ. “ಗೇಟ್, ಮ್ಯಾಮ್. ಗೇಟ್ ಹಾಕೋದು.”

“ಹಿಟ್ಲರ್ ಪಾಲು ಯಾರಿಗೆ ಕೊಟ್ಟಿದ್ದೆ?”

“ಯಾರಿಗೂ ಇಲ್ಲ ಮ್ಯಾಮ್.”

“ಮತ್ತೆ?”

ಸಭಾಂಗಣದಲ್ಲಿ ಆಗ ನಗು ನಿಂತಿತ್ತು. ಅರ್ಥವಾಗಿ ನಿಂತಿತೋ, ಏನು ಮಾಡಬೇಕೆಂದು ತಿಳಿಯದೆ ನಿಂತಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೀಸೆ ಕಣ್ಣಿನ ಕಾಡಿಗೆಯಲ್ಲಿ ಬರೆದದ್ದು, ನೀರಿಗೆ ಜಗ್ಗುವಂಥದ್ದಲ್ಲ. ಒರೆಸಿದಷ್ಟೂ ಹರಡಿ ಅವನ ಮುಖ ಅರ್ಧ ಕಪ್ಪಾಯಿತು. ಮೇಡಂ ಒರೆಸುತ್ತಲೇ ಇದ್ದರು. ಈಗ ಮಾತಾಡಬಹುದಿತ್ತು, ಈಗ ಯಾರೂ ನಗುತ್ತಿರಲಿಲ್ಲ. ಅಷ್ಟರಲ್ಲಿ ಅಧ್ಯಕ್ಷರು ನನ್ನ ಕೈಯ ಮೈಕ್ ತೆಗೆದುಕೊಂಡು, “ಮೇಡಂ ತುಂಬಾ ಎಮೋಷನಲ್ ಆಗಿದಾರೆ, ನಮಗೂ ಗಂಟಲು ಕಟ್ತಿದೆ. ಹಾಲ್ ಟೈಮ್ ಆಯ್ತು, ಊಟಾನೂ ರೆಡಿ ಇದೆ,” ಎಂದರು. ನಾದಸ್ವರದ ರೆಕಾರ್ಡು ಹಾಕಿದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ನಿಂತಲ್ಲೇ ಆಯಿತು. ಮೇಡಂ ಕೈಯಲ್ಲಿ ಆ ಕಪ್ಪು ಕರವಸ್ತ್ರ ಇದ್ದೇ ಇತ್ತು. ಅವರು ಹೇಳಬೇಕೆಂದಿದ್ದ ಮಾತು ಹಾಗೇ ಉಳಿಯಿತು. ಜನ ತಟ್ಟೆ ಹಿಡಿದು ಸಾಲು ನಿಂತರು.

ಮನೆಗೆ ನನ್ನ ಕಾರಿನಲ್ಲೇ ಕರೆತಂದೆ. ಯಜಮಾನರು ಹಿಂದೆ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಸಮಾಧಾನ ಮಾಡೋಣ ಎಂದು ನಾನು, “ಆ ಹುಡುಗನಿಗೆ ನಿಮ್ಮ ಪಾಠ ನೆನಪಿದೆ ನೋಡಿ ಮೇಡಂ, ಇಷ್ಟು ವರ್ಷ ಆದ್ರೂ,” ಎಂದೆ.

“ಅದೇ ಶೆಟ್ರೇ,” ಎಂದರು. “ಮರೆತಿದ್ರೆ ಬೇಕಿತ್ತು. ಇನ್ನೊಂದು ಸಲ ಹೇಳಿಕೊಡಬಹುದು ಅಂತ ಇರ್ತಿತ್ತು. ಎಲ್ಲಾ ನೆನಪಿದ್ದೂ ಮೀಸೆ ಬಳ್ಕೊಂಡು ಬಂದನಲ್ಲ, ಅವನಿಗೆ ಇನ್ನು ಏನು ಹೇಳಿಕೊಡಲಿ?”

ಆ ವಾರವೇ ಅವರು ಹೊರಟರು. ಅಲ್ಲಿಂದ ಆಗಾಗ ಫೋನು ಮಾಡುತ್ತಿದ್ದರು, ಮಗಳ ಓದು ಕೇಳುತ್ತಿದ್ದರು. ಆ ಸಂಜೆಯ ಸುದ್ದಿ ಮತ್ತೆ ಎತ್ತಲಿಲ್ಲ.

ಈಗ ಸಂಘದವರು ಸ್ಮರಣ ಸಂಚಿಕೆಗೆ ಅವರ ಬಗ್ಗೆ ಎರಡು ಪುಟ ಬರೆದುಕೊಡಿ ಎಂದಿದ್ದಾರೆ, ಜೊತೆಗೆ ಹಾಕಲು ಒಂದು ಚಿತ್ರವನ್ನೂ ಕಳಿಸಿದ್ದಾರೆ. ಆ ಸನ್ಮಾನದ ಚಿತ್ರ. ಒಂದೇ ಥರ ಸೀರೆ ಉಟ್ಟ ಇಬ್ಬರು, ಒಬ್ಬರು ಕುರ್ಚಿಯಲ್ಲಿ, ಇನ್ನೊಬ್ಬರು ಅವರ ಗಲ್ಲ ಹಿಡಿದು ಮೂಗಿನ ಕೆಳಗೆ ಕೈಯಿಟ್ಟಿದ್ದಾರೆ. ಕರವಸ್ತ್ರ ಮುಷ್ಟಿಯೊಳಗೆ ಹೋಗಿದೆ, ಕಾಣುವುದಿಲ್ಲ. ನೋಡಿದವರೆಲ್ಲ ನಕ್ಕು ಒಂದೇ ಮಾತು ಹೇಳುತ್ತಾರೆ: “ಓ, ಮೇಡಂ ತಾವೇ ಮೀಸೆ ಬರೀತಿದಾರೆ!” ಬರೆಯುತ್ತಿಲ್ಲ, ಒರೆಸುತ್ತಿದ್ದಾರೆ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಈ ಚಿತ್ರ ಬೇಡ, ಬೇರೆ ಯಾವುದಾದರೂ ಹಾಕಿ ಎಂದು ಅಧ್ಯಕ್ಷರಿಗೆ ಫೋನು ಮಾಡಿದೆ. ಎಲ್ಲ ಕಡೆ ಹುಡುಕಿದರಂತೆ. ಇದೊಂದು ಬಿಟ್ಟರೆ ಇನ್ನೊಂದು ಇಲ್ಲವಂತೆ.

ಅದಕ್ಕೇ ಇಷ್ಟು ಬರೆದೆ.